ಗಣಕದ ಚಿತ್ರಚಾಲಕವೂ ಅದರ ಮುಕ್ತ ಆಕರವೂ

೧. ವಿಷಯಪ್ರವೇಶ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ೧೯೪೯ರಲ್ಲಿ ಕೈಗಾರಿಕಾ ಉಪನಗರವೆಂದು ಸ್ಥಾಪಿತವಾದ ರಾಜಾಜಿನಗರದಲ್ಲಿ ಸಣ್ಣ ಸಣ್ಣ ಯಂತ್ರಶಾಲೆಗಳು ಇಂದಿಗೂ ಕೆಲಸಮಾಡುತ್ತಿವೆ. ಅಂಥ ಶಾಲೆಯೊಂದರಲ್ಲಿ, ಲೇತಿನ ಕೆಲಸಕ್ಕೆ ಬೇಕಾದ ನಕ್ಷೆಗಳನ್ನು ತೋರಿಸುವ ಹಳೆಯ ಗಣಕವೊಂದು ಇದೆಯೆಂದು ವಾಚಕರು ಕಲ್ಪಿಸಿಕೊಳ್ಳಬಹುದು. ಅದರ ವಿದ್ಯುದಂಗಗಳು ಸರಿಯಾಗಿವೆ, ಸ್ಮೃತಿಭಾಗ ಕೆಟ್ಟಿಲ್ಲ, ತೆರೆಯೂ ಒಡೆದಿಲ್ಲ. ಆದರೆ ಅದರಲ್ಲಿದ್ದ ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನು ತೆಗೆದು ಹೊಸದನ್ನು ಹಾಕಿದೊಡನೆ ನಕ್ಷೆಯ ಗೆರೆಗಳು ತಡೆದು ತಡೆದು ಮೂಡತೊಡಗುತ್ತವೆ; ಇಲ್ಲವೆ ತೆರೆ ಕಪ್ಪಾಗಿಯೇ ನಿಲ್ಲುತ್ತದೆ. ದುರಸ್ತಿಗೆ ಬಂದವನು “ಇದಕ್ಕೆ ಡ್ರೈವರು ಸಿಕ್ಕುವುದಿಲ್ಲ, ಹೊಸದನ್ನೇ ಕೊಂಡುಕೊಳ್ಳಿ” ಎಂದು ಹೇಳಿ ಹೋಗುತ್ತಾನೆ. ಅಂಗಾಂಗಗಳೆಲ್ಲ ಸುಸ್ಥಿತಿಯಲ್ಲಿರುವಾಗಲೂ ಯಂತ್ರವು ನಿರುಪಯುಕ್ತವಾದುದು ಹೇಗೆ? ಕೆಟ್ಟದ್ದು ಯಾವುದು? ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ವಿಷಯವಿದೇ ಆಗಿರುತ್ತದೆ.

ಇಲ್ಲಿ ಬರುವ ಕೆಲವು ಶಬ್ದಗಳ ಅರ್ಥವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಯುಕ್ತ. ತೆರೆಯ ಮೇಲಣ ಚಿತ್ರವನ್ನು ರಚಿಸುವುದಕ್ಕಾಗಿಯೇ ಗಣಕದಲ್ಲಿರುವ ಪ್ರತ್ಯೇಕವಾದ ಸಂಸ್ಕಾರಕವನ್ನು ಇಲ್ಲಿ ‘ಚಿತ್ರಾಂಗ’ವೆಂದು ಕರೆದಿದೆ, ಅಂಗಡಿಯಲ್ಲಿ ಜನರು ಇದನ್ನು ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಆ ಚಿತ್ರಾಂಗಕ್ಕೂ ಮಿಕ್ಕ ತಂತ್ರಾಂಶಕ್ಕೂ ನಡುವೆ ನಿಂತು, ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಯುವಂತೆ ಮಾಡುವ ತಂತ್ರಾಂಶವೇ ‘ಚಿತ್ರಚಾಲಕ’. ಮನುಷ್ಯನು ಬರೆದು ಮನುಷ್ಯನು ಓದಬಹುದಾದ ರೂಪದಲ್ಲಿರುವ ತಂತ್ರಾಂಶದ ಮೂಲಪಾಠವು ‘ಆಕರ’. ಈ ಆಕರವನ್ನು ಯಾರು ಬೇಕಾದರೂ ಓದಲು, ತಿದ್ದಲು, ತಿದ್ದಿದ್ದನ್ನು ಹಂಚಲು ಅನುಮತಿಯುಳ್ಳ ಚಾಲಕವು ಮುಕ್ತವೆನಿಸುತ್ತದೆ. ಆಕರವನ್ನು ಮುಚ್ಚಿಟ್ಟು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ರೂಪದಲ್ಲಿ ಕೊಡುವುದು ಗುಪ್ತಚಾಲಕ.

೨. ಚಿತ್ರಾಂಗದ ಕೆಲಸ

ಗಣಕದ ತೆರೆಯೆಂಬುದು ಬಿಂದುಗಳ ಒಂದು ಜಾಲ. ಈಗ ಸಾಮಾನ್ಯವಾಗಿ ದೊರೆಯುವ ತೆರೆಯೊಂದರಲ್ಲಿ ಸಾಲಿಗೆ ೧೯೨೦ ಬಿಂದುಗಳಂತೆ ೧೦೮೦ ಸಾಲುಗಳಿರುತ್ತವೆ. ಒಟ್ಟು ೨೦,೭೩,೬೦೦ ಬಿಂದುಗಳು. ಪ್ರತಿ ಬಿಂದುವಿನ ವರ್ಣವನ್ನು ಬರೆದಿಡಲು ೪ ಬೈಟುಗಳು ಬೇಕೆಂದು ಹಿಡಿದರೆ, ಒಂದು ಪೂರ್ಣಚಿತ್ರಕ್ಕೆ ೮೨,೯೪,೪೦೦ ಬೈಟುಗಳಾಗುತ್ತವೆ. ತೆರೆಯು ಸೆಕೆಂಡಿಗೆ ೬೦ ಸಲ ಹೊಸದಾಗಿ ತುಂಬಲ್ಪಡುವುದರಿಂದ ಪ್ರತಿ ಸೆಕೆಂಡಿಗೂ ೪೯,೭೬,೬೪,೦೦೦ ಬೈಟುಗಳು, ಎಂದರೆ ಹೆಚ್ಚುಕಡಮೆ ಐವತ್ತು ಕೋಟಿ, ತೆರೆಯ ಕಡೆಗೆ ಹರಿಯಬೇಕು. ಇದು ಸಿದ್ಧವಾದ ಚಿತ್ರವನ್ನು ಸಾಗಿಸುವ ಕೆಲಸ ಮಾತ್ರ. ಚಿತ್ರವನ್ನು ಸಿದ್ಧಪಡಿಸುವ ಲೆಕ್ಕಾಚಾರ ಇದಕ್ಕೆ ಹೊರತಾದುದು. ಗಣಕದ ಮುಖ್ಯ ಸಂಸ್ಕಾರಕವು ಕೆಲವೇ ಕೆಲಸಗಳನ್ನು ಅತಿ ಜಾಣತನದಿಂದ ಮಾಡಬಲ್ಲುದು. ಚಿತ್ರಾಂಗವಾದರೋ ಒಂದೇ ಬಗೆಯ ಸುಲಭ ಲೆಕ್ಕವನ್ನು ಸಾವಿರಾರು ಬಿಂದುಗಳಿಗೆ ಏಕಕಾಲದಲ್ಲಿ ಮಾಡುವುದಕ್ಕಾಗಿ ನಿರ್ಮಿತವಾದುದು.

ಕನ್ನಡದ ಒಂದು ಅಕ್ಷರವು ತೆರೆಗೆ ಬರುವ ಬಗೆಯನ್ನು ನೋಡಿದರೆ ಚಾಲಕದ ಸ್ಥಾನವು ಸ್ಪಷ್ಟವಾಗುತ್ತದೆ. ‘ಸ್ತ್ರೀ’ ಎಂಬುದನ್ನು ತೆಗೆದುಕೊಳ್ಳಬಹುದು. ಕಣ್ಣಿಗೆ ಇದು ಒಂದೇ ಅಕ್ಷರ. ೧೯೯೧ರಲ್ಲಿ ಹೊರಟ ಯೂನಿಕೋಡ್ ಸಂಕೇತಾವಳಿಯ ಪ್ರಕಾರವಾದರೋ ಇದು ಸಕಾರ, ಹಲಂತಚಿಹ್ನೆ, ತಕಾರ, ಮತ್ತೆ ಹಲಂತಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಫಾಂಟಿನೊಳಗಣ ಪಟ್ಟಿಗಳನ್ನು ನೋಡಿ, ಸಕಾರಕ್ಕೆ ಗುಡಿಸು ದೀರ್ಘಗಳನ್ನು ಸೇರಿಸಿ, ತಕಾರ ರಕಾರಗಳನ್ನು ಒತ್ತುಗಳಾಗಿ ಮಾರ್ಪಡಿಸಿ, ಯಾವ ಆಕೃತಿ ಎಲ್ಲಿ ಕೂಡಬೇಕೆಂಬುದನ್ನು ನಿರ್ಣಯಿಸುತ್ತದೆ. ಬಳಿಕ ಇನ್ನೊಂದು ತಂತ್ರಾಂಶವು ಆ ಆಕೃತಿಗಳ ಬಾಹ್ಯರೇಖೆಗಳನ್ನು ಬಿಂದುಗಳನ್ನಾಗಿ ಒಡೆಯುತ್ತದೆ. ಕಿಟಕಿ, ಹಿನ್ನೆಲೆ, ಪಕ್ಕದ ಚಿತ್ರ ಮೊದಲಾದುವುಗಳೊಡನೆ ಈ ಬಿಂದುಗಳನ್ನು ಹೊಂದಿಸಿ ಒಂದೇ ಚಿತ್ರವನ್ನಾಗಿ ಕೂಡಿಸುವ ಕೆಲಸ ಚಿತ್ರಾಂಗದ್ದು. ಆ ಕೆಲಸವನ್ನು ಚಿತ್ರಾಂಗಕ್ಕೆ ಅದರದೇ ಭಾಷೆಯಲ್ಲಿ ಒಪ್ಪಿಸುವುದು ಚಾಲಕದ್ದು. ಫಾಂಟು ಮುಕ್ತವಾಗಿರಬಹುದು, ಲೇಖನತಂತ್ರಾಂಶ ಮುಕ್ತವಾಗಿರಬಹುದು, ಕಾರ್ಯಾಚರಣ ವ್ಯವಸ್ಥೆಯೂ ಮುಕ್ತವಾಗಿರಬಹುದು. ಈ ಕೊನೆಯ ಸಂಧಿಯು ಮುಚ್ಚಿದ್ದರೆ ಮೇಲಣ ಅಂತಸ್ತುಗಳೆಲ್ಲ ಅದರ ಒಡೆಯನ ಇಚ್ಛೆಗೆ ಅಧೀನವಾಗಿರುತ್ತವೆ.

೩. ಚಾಲಕದ ಎರಡು ಭಾಗಗಳು

ಲಿನಕ್ಸ್ ವ್ಯವಸ್ಥೆಯಲ್ಲಿ ಚಿತ್ರಚಾಲಕವು ಎರಡು ಭಾಗಗಳಾಗಿರುತ್ತದೆ. ಮೊದಲನೆಯದು ಕರ್ನೆಲ್ ಎಂಬ ಮೂಲತಂತ್ರಾಂಶದ ಒಳಗೆ ಇರುತ್ತದೆ. ಚಿತ್ರಾಂಗದ ಸ್ಮೃತಿಯನ್ನು ಹಂಚಿಕೊಡುವುದು, ಹಲವು ಕಾರ್ಯಕ್ರಮಗಳು ಒಮ್ಮೆಗೇ ಕೆಲಸ ಬೇಡಿದರೆ ಸರದಿಯನ್ನು ಏರ್ಪಡಿಸುವುದು, ಜೋಡಿಸಿದ ತೆರೆಯ ಅಳತೆಯನ್ನು ಅರಿತು ಅದಕ್ಕೆ ತಕ್ಕ ಸಂಜ್ಞೆಯನ್ನು ಹೊರಡಿಸುವುದು, ಇವು ಅದರ ಧರ್ಮಗಳು. ಒಬ್ಬನ ಸ್ಮೃತಿಯನ್ನು ಇನ್ನೊಬ್ಬನ ಕಾರ್ಯಕ್ರಮವು ಓದದಂತೆ ಕಾಯುವುದೂ ಇದರ ಹೊಣೆಯೇ. ತೆರೆಯ ಅಳತೆಯನ್ನು ನಿಯಮಿಸುವ ಕೆಲಸವು ೨೦೦೯ರ ಮಾರ್ಚಿಯಲ್ಲಿ ಹೊರಟ ಲಿನಕ್ಸ್ ೨.೬.೨೯ರಲ್ಲಿ ಮೊದಲು ಕರ್ನೆಲ್ಲಿನೊಳಗೆ ಬಂದಿತು. ಅದಕ್ಕೆ ಮುಂಚೆ ಅದು ಹೊರಗಣ ತಂತ್ರಾಂಶದ ಪಾಲಾಗಿತ್ತು.

ಎರಡನೆಯ ಭಾಗವು ಕರ್ನೆಲ್ಲಿನ ಹೊರಗೆ, ಮೆಸಾ ಎಂಬ ಗ್ರಂಥಾಲಯದಲ್ಲಿ ಇರುತ್ತದೆ. ಇದನ್ನು ಬ್ರಯನ್ ಪಾಲ್ ಎಂಬಾತನು ೧೯೯೩ರಲ್ಲಿ ಬರೆಯಲಾರಂಭಿಸಿ ೧೯೯೫ರಲ್ಲಿ ಮೊದಲ ಆವೃತ್ತಿಯನ್ನು ಪ್ರಕಟಿಸಿದನು. ಚಿತ್ರ ಬೇಕೆನ್ನುವ ಕಾರ್ಯಕ್ರಮವು ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಸರ್ವಸಾಮಾನ್ಯ ಪರಿಭಾಷೆಯಲ್ಲಿ “ಈ ಮೂರು ಬಿಂದುಗಳ ನಡುವಣ ತ್ರಿಕೋಣವನ್ನು ಈ ಬಣ್ಣದಿಂದ ತುಂಬು” ಎಂದು ಹೇಳುತ್ತದೆ. ಒಂದೊಂದು ಕಂಪೆನಿಯ ಚಿತ್ರಾಂಗಕ್ಕೂ ಅದರ ಆದೇಶಗಳು ಬೇರೆ ಬೇರೆ. ಒಂದೇ ಕಂಪೆನಿಯ ಹಿಂದಣ ಮುಂದಣ ತಲೆಮಾರುಗಳಿಗೂ ಭೇದವುಂಟು. ಆ ಸಾಮಾನ್ಯ ಮಾತನ್ನು ಮೊದಲು ಮಧ್ಯಮರೂಪವೊಂದಕ್ಕೆ ತಂದು, ಅನಾವಶ್ಯಕವಾದುದನ್ನು ತೆಗೆದು, ಕೊನೆಗೆ ಆಯಾ ಚಿತ್ರಾಂಗದ ಆದೇಶಗಳಾಗಿ ಪರಿವರ್ತಿಸುವ ಕಂಪೈಲರು ಮೆಸಾದೊಳಗಿದೆ. ಮಧ್ಯಮರೂಪದವರೆಗಿನ ಕೆಲಸ ಎಲ್ಲ ಚಿತ್ರಾಂಗಗಳಿಗೂ ಸಮಾನವಾದುದರಿಂದ, ಒಂದು ಚಿತ್ರಾಂಗಕ್ಕಾಗಿ ಒಬ್ಬನು ಮಾಡಿದ ತಿದ್ದುಪಾಟು ಅನೇಕ ವೇಳೆ ಉಳಿದವುಗಳಿಗೂ ಲಭಿಸುತ್ತದೆ. ಗುಪ್ತಚಾಲಕಗಳಲ್ಲಿ ಈ ಲಾಭವಿಲ್ಲ. ಪ್ರತಿ ಕಂಪೆನಿಯೂ ಅದೇ ದಾರಿಯನ್ನು ಮೊದಲಿನಿಂದ ತುಳಿಯಬೇಕು.

೪. ಬೆಂಗಳೂರಿನ ಒಂದು ನಿದರ್ಶನ

ಚಿತ್ರಾಂಗದ ವಿವರ ಪ್ರಕಟವಾಗಿದ್ದರೆ ಏನು ಸಾಧ್ಯವೆಂಬುದಕ್ಕೆ ಬೆಂಗಳೂರಿನಲ್ಲಿಯೇ ಹುಟ್ಟಿದ ನಿದರ್ಶನವೊಂದುಂಟು. ಭಾರತೀಯ ವಿಜ್ಞಾನಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬವರೂ ಎನ್ಕೋರ್ ಸಾಫ್ಟ್‌ವೇರ್ ಎಂಬ ಕಂಪೆನಿಯ ಎಂಜಿನಿಯರುಗಳೂ ಸೇರಿ, ಓದುಬರಹ ಹೆಚ್ಚಾಗಿ ಬಾರದ ಗ್ರಾಮಸ್ಥರಿಗೂ ಉಪಯೋಗವಾಗುವಂಥ ಅಗ್ಗದ ಕೈಗಣಕವೊಂದನ್ನು ರೂಪಿಸಿದರು. ಅದೇ ಸಿಂಪ್ಯೂಟರ್. ಇದಕ್ಕಾಗಿ ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಸಂಸ್ಥೆ ಏರ್ಪಟ್ಟಿತು. ೨೦೦೧ರ ಏಪ್ರಿಲ್ಲಿನಲ್ಲಿ ಮಾದರಿಯಂತ್ರವನ್ನು ಜನರ ಮುಂದಿಟ್ಟರು. ಅದು ಲಿನಕ್ಸಿನಿಂದ ನಡೆಯುತ್ತಿತ್ತು. ಅದರ ಯಂತ್ರಾಂಶದ ನಕ್ಷೆಯನ್ನು ಸಹ ಮುಕ್ತ ತಂತ್ರಾಂಶದ ಮಾದರಿಯ ಅನುಮತಿಪತ್ರವೊಂದಕ್ಕೆ ಒಳಪಡಿಸಿ ಹೊರಗಿಟ್ಟುದು ಆ ಕಾಲಕ್ಕೆ ಅಪೂರ್ವವಾದ ಕ್ರಮ.

ಸಿಂಪ್ಯೂಟರಿನ ತೆರೆಯಲ್ಲಿ ೩೨೦ಕ್ಕೆ ೨೪೦ರಂತೆ ೭೬,೮೦೦ ಬಿಂದುಗಳು ಮಾತ್ರವಿದ್ದುವು. ಅದರಲ್ಲಿದ್ದ ಸ್ಟ್ರಾಂಗ್‌ಆರ್ಮ್ ಎಸ್‌ಎ-೧೧೧೦ ಎಂಬ ಸಂಸ್ಕಾರಕದ ಒಳಗೇ ತೆರೆಯ ನಿಯಂತ್ರಕವೂ ಅಡಕವಾಗಿತ್ತು. ಈ ನಿಯಂತ್ರಕದ ಕ್ರಮ ಸರಳವಾದುದು. ಮುಖ್ಯಸ್ಮೃತಿಯ ಒಂದು ಭಾಗವನ್ನು ಚಿತ್ರಕ್ಕಾಗಿ ಮೀಸಲಿಡುವುದು; ಆ ಭಾಗದ ವಿಳಾಸವನ್ನು ನಿಯಂತ್ರಕಕ್ಕೆ ತಿಳಿಸುವುದು; ಸಾಲಿಗೆ ಎಷ್ಟು ಬಿಂದು, ಎಷ್ಟು ಸಾಲು, ಬಿಂದುಬಿಂದುವಿಗೂ ನಡುವೆ ಎಷ್ಟು ಅವಕಾಶ ಎಂಬುದನ್ನು ನಾಲ್ಕು ರಿಜಿಸ್ಟರುಗಳಲ್ಲಿ ಬರೆಯುವುದು. ಯಂತ್ರವು ನೇರವಾಗಿ ಓದುವ ಸಣ್ಣ ಸ್ಮೃತಿಕೋಶವೇ ರಿಜಿಸ್ಟರು. ಇಷ್ಟಾದ ಮೇಲೆ ನಿಯಂತ್ರಕವು ಮುಖ್ಯ ಸಂಸ್ಕಾರಕದ ಸಹಾಯವಿಲ್ಲದೆ ಸ್ಮೃತಿಯನ್ನು ತಾನೇ ಮತ್ತೆ ಮತ್ತೆ ಓದಿ ತೆರೆಗೆ ಕಳುಹಿಸುತ್ತಿರುತ್ತದೆ. ಸಂಸ್ಕಾರಕವನ್ನು ಮಾಡಿದ ಇಂಟೆಲ್ ಕಂಪೆನಿಯು ಈ ನಾಲ್ಕು ರಿಜಿಸ್ಟರುಗಳ ಒಂದೊಂದು ಸ್ಥಾನದ ಅರ್ಥವನ್ನೂ ಕೈಪಿಡಿಯಲ್ಲಿ ಅಚ್ಚುಮಾಡಿಸಿ ಬಹಿರಂಗವಾಗಿ ಕೊಟ್ಟಿತ್ತು. ಅದನ್ನು ನೋಡಿ ಬರೆದ ಚಾಲಕ ಲಿನಕ್ಸಿನಲ್ಲಿತ್ತು. ಆದುದರಿಂದ ಬೆಂಗಳೂರಿನ ನಿರ್ಮಾಪಕರು ತೆರೆಯ ವಿಷಯದಲ್ಲಿ ಯಾರ ಅಪ್ಪಣೆಗೂ ಕಾಯಬೇಕಾದುದಿರಲಿಲ್ಲ.

೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಪಿಕೋಪೇಟ ಎಂಬ ಕಂಪೆನಿಯೂ ಸೇರಿ ಅಮಿಡ ಎಂಬ ಹೆಸರಿನಿಂದ ಈ ಯಂತ್ರವನ್ನು ಮಾರಾಟಕ್ಕೆ ತಂದುವು. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಯಂತ್ರ ಮರೆಯಾದರೂ ಆ ಸಂಸ್ಕಾರಕದ ತೆರೆಯನ್ನು ನಡೆಸುವ ಚಾಲಕವು ಲಿನಕ್ಸಿನ ಆಕರದಲ್ಲಿ ಅನೇಕ ವರ್ಷ ಉಳಿದು, ಅದೇ ಸಂಸ್ಕಾರಕವುಳ್ಳ ಬೇರೆ ಯಂತ್ರಗಳಿಗೂ ಉಪಯೋಗವಾಗುತ್ತ ಬಂದಿತು. ಮಾಡಿದವರ ವ್ಯಾಪಾರ ನಿಂತಮಾತ್ರಕ್ಕೆ ತಂತ್ರಾಂಶ ಸಾಯಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

೫. ಇದಕ್ಕೆ ವಿರುದ್ಧವಾದ ನಿದರ್ಶನ

೨೦೦೮ರಲ್ಲಿ ಇಂಟೆಲ್ ಕಂಪೆನಿಯೇ ಸಣ್ಣ ಮಡಿಲುಗಣಕಗಳಿಗಾಗಿ ಪೌಲ್ಸ್‌ಬೊ ಎಂಬ ಚಿಪ್ ಒಂದನ್ನು ಹೊರಡಿಸಿತು. ಅದರಲ್ಲಿದ್ದ ಚಿತ್ರಾಂಗವು ಇಂಟೆಲ್ಲಿನ ಸ್ವಂತ ಕೃತಿಯಲ್ಲ. ಇಮ್ಯಾಜಿನೇಷನ್ ಎಂಬ ಬ್ರಿಟಿಷ್ ಕಂಪೆನಿಯಿಂದ ಪಡೆದ ಪವರ್‌ವಿಆರ್ ಜಾತಿಯದು. ಇಂಟೆಲ್ ತನ್ನ ಸ್ವಂತ ಚಿತ್ರಾಂಗಗಳಿಗೆ ಮುಕ್ತಚಾಲಕಗಳನ್ನು ಬರೆದು ಕೊಡುತ್ತಿತ್ತು; ಇದಕ್ಕೆ ಮಾತ್ರ ಗುಪ್ತಚಾಲಕವೇ ಗತಿಯಾಯಿತು. ಅದು ಅಂದಿನ ಕರ್ನೆಲ್ಲಿಗೆ ಹೊಂದುತ್ತಿತ್ತು. ಕರ್ನೆಲ್ ಮುಂದುವರಿದಂತೆ ಹೊಂದದೆ ಹೋಯಿತು. ೨೦೧೧ರಿಂದ ತೆರೆಗೆ ಚಿತ್ರವನ್ನು ಕಳುಹಿಸುವಷ್ಟು ಮಾತ್ರ ಶಕ್ತವಾದ ಮುಕ್ತಚಾಲಕವೊಂದು ಲಿನಕ್ಸಿಗೆ ಸೇರಿತು. ಆದರೆ ಚಿತ್ರವನ್ನು ವೇಗದಿಂದ ರಚಿಸುವ ಶಕ್ತಿಯು ಯಂತ್ರದೊಳಗೇ ಇದ್ದು ಬಳಸಲಾಗದಂತೆ ಉಳಿಯಿತು. ಮೊದಲು ಹೇಳಿದ ರಾಜಾಜಿನಗರದ ಗಣಕದಲ್ಲಿ ಇಂಥ ಚಿಪ್ ಇದ್ದರೆ ಅದರ ಗೆರೆಗಳು ತಡೆದು ಮೂಡುವುದಕ್ಕೆ ಕಾರಣ ಇದೇ.

ಕರ್ನೆಲ್ ಮುಂದುವರಿದಾಗ ಗುಪ್ತಚಾಲಕವು ಹೊಂದದೆ ಹೋಗುವುದೇಕೆಂಬುದನ್ನು ವಿವರಿಸಬೇಕು. ಲಿನಕ್ಸಿನ ಕರ್ನೆಲ್ ತನ್ನ ಹೊರಗಣ ಕಾರ್ಯಕ್ರಮಗಳೊಡನೆ ಮಾಡಿಕೊಂಡ ಕಟ್ಟುಪಾಡನ್ನು ಮುರಿಯುವುದಿಲ್ಲ. ಆದರೆ ತನ್ನ ಒಳಗಣ ಅಂಗಗಳ ಪರಸ್ಪರ ವ್ಯವಹಾರವನ್ನು ಅನುಕೂಲವಾದಂತೆ ಮಾರ್ಪಡಿಸುತ್ತಿರುತ್ತದೆ. ಒಳಗಣ ಸೂತ್ರವೊಂದನ್ನು ಬದಲಾಯಿಸುವವನು ಅದನ್ನು ಆಶ್ರಯಿಸಿದ ಎಲ್ಲ ಚಾಲಕಗಳನ್ನೂ ತಾನೇ ತಿದ್ದಬೇಕೆಂಬುದು ಅಲ್ಲಿನ ಸಂಪ್ರದಾಯ. ಆಕರವು ಕಣ್ಣಮುಂದಿದ್ದರೆ ಹೀಗೆ ತಿದ್ದುವುದು ಸಾಧ್ಯ. ಹೊರಗೆ ಮುಚ್ಚಿಟ್ಟ ಚಾಲಕವನ್ನು ತಿದ್ದುವುದು ಅದರ ಒಡೆಯನೊಬ್ಬನಿಗೇ ಸಾಧ್ಯ. ಅವನಿಗೆ ಆ ಚಿತ್ರಾಂಗದಲ್ಲಿ ಲಾಭವು ನಿಂತ ದಿನವೇ ತಿದ್ದುಪಾಟೂ ನಿಲ್ಲುತ್ತದೆ. ಆದುದರಿಂದ ಯಂತ್ರಶಾಲೆಯ ಗಣಕದಲ್ಲಿ ಕೆಟ್ಟದ್ದು ಲೋಹವೂ ಅಲ್ಲ, ಗಾಜೂ ಅಲ್ಲ. ಆಕರದ ಪಾಠವನ್ನು ಓದಿ ತಿದ್ದತಕ್ಕವರ ಪರಂಪರೆಯು ಅಲ್ಲಿ ಕಡಿದುಹೋಗಿದೆ.

ತಾಳೆಗರಿಗಳ ವಿಷಯದಲ್ಲಿ ಈ ಅನುಭವ ಕನ್ನಡನಾಡಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿತ್ತು. ಅದರ ಪ್ರತಿಯೊಂದು ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ ೧೯೦೯ರಲ್ಲಿ ಮೂಲವನ್ನು ಅಚ್ಚುಮಾಡಿಸಿದ ಮೇಲೆ ಲೋಕದ ವಿದ್ವಾಂಸರೆಲ್ಲರೂ ಅದನ್ನು ಓದಿ ಪಾಠಗಳನ್ನು ಶೋಧಿಸಲು ಅವಕಾಶವಾಯಿತು. ಆ ಗರಿಗಳು ಒಂದು ಮನೆಯ ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಹುಳುಗಳ ಪಾಲಾಗುವ ಸಂಭವವಿತ್ತು. ಒಬ್ಬನ ವಶದಲ್ಲಿ ಮಾತ್ರವಿರುವ ಪಾಠವು ಅವನೊಡನೆಯೇ ಹೋಗುತ್ತದೆ.

೬. ಕೈಪಿಡಿಯಿಲ್ಲದೆ ಚಾಲಕವನ್ನು ಬರೆದ ಬಗೆ

ನಿರ್ಮಾಪಕರು ವಿವರಗಳನ್ನು ಕೊಡದಿದ್ದಾಗಲೂ ಕೆಲವರು ಚಿತ್ರಾಂಗದ ನಡತೆಯನ್ನು ಪರೀಕ್ಷಿಸಿ ಅದರ ಭಾಷೆಯನ್ನು ಕಂಡುಹಿಡಿದಿದ್ದಾರೆ. ಕ್ರಮವು ಹೀಗೆ. ಗುಪ್ತಚಾಲಕದಿಂದ ಒಂದು ಕೆಂಪು ತ್ರಿಕೋಣವನ್ನು ಬರೆಯಿಸುವುದು. ಆ ಸಮಯದಲ್ಲಿ ಅದು ಚಿತ್ರಾಂಗಕ್ಕೆ ಕಳುಹಿಸಿದ ಅಂಕಿಗಳನ್ನೆಲ್ಲ ಬರೆದಿಟ್ಟುಕೊಳ್ಳುವುದು. ಬಳಿಕ ಬಣ್ಣವನ್ನು ಮಾತ್ರ ನೀಲಿಯಾಗಿಸಿ ಮತ್ತೆ ಬರೆದಿಟ್ಟುಕೊಳ್ಳುವುದು. ಎರಡು ಪಟ್ಟಿಗಳಲ್ಲಿ ಯಾವ ಅಂಕಿ ಬೇರೆಯಾಗಿದೆಯೋ ಅದು ಬಣ್ಣದ ಸ್ಥಾನವೆಂದು ಊಹಿಸುವುದು. ಆ ಅಂಕಿಯನ್ನು ತಾನಾಗಿ ಬದಲಾಯಿಸಿ, ತೆರೆಯ ಮೇಲಣ ಬಣ್ಣವು ಊಹಿಸಿದಂತೆ ಮಾರ್ಪಟ್ಟರೆ ಊಹೆಯು ಸಿದ್ಧಾಂತವಾಗುತ್ತದೆ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಸಾಂಚಿಯ ಕಟಕಟೆಯ ಮೇಲಣ ಸಣ್ಣ ಶಾಸನಗಳೆಲ್ಲ ಅವೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಕಂಡು, ಅವು ‘ದಾನಂ’ ಎಂಬುದಾಗಿರಬೇಕೆಂದು ಊಹಿಸಿ, ಆ ಕೀಲಿಯಿಂದ ಬ್ರಾಹ್ಮೀಲಿಪಿಯನ್ನು ಬಿಡಿಸಿದ ಕ್ರಮಕ್ಕೂ ಇದಕ್ಕೂ ಬಹಳ ಸಾದೃಶ್ಯವಿದೆ. ಎರಡರಲ್ಲಿಯೂ ಪುನರಾವೃತ್ತಿಯೂ ಭೇದವೂ ಸಾಕ್ಷಿಗಳು.

ಎನ್ವಿಡಿಯ ಕಂಪೆನಿಯ ಚಿತ್ರಾಂಗಗಳಿಗೆ ೨೦೦೫ರಲ್ಲಿ ಸ್ಟೆಫಾನ್ ಮಾರ್ಶೆಸಾನನು ಪ್ರಾರಂಭಿಸಿದ ನೂವೋ ಎಂಬ ಚಾಲಕವು ಈ ಮಾರ್ಗದಿಂದಲೇ ಬೆಳೆದು ೨೦೧೦ರಲ್ಲಿ ಲಿನಕ್ಸಿಗೆ ಸೇರಿತು. ಅಂಕಿಗಳನ್ನು ಬರೆದಿಟ್ಟುಕೊಳ್ಳುವುದಕ್ಕಾಗಿ ಆ ಬಳಗದವರು ಮಾಡಿದ ಉಪಕರಣವು ೨೦೦೮ರಲ್ಲಿ ಕರ್ನೆಲ್ಲಿನ ಭಾಗವೇ ಆಯಿತು. ಕೈಫೋನುಗಳಲ್ಲಿಯೂ ಚಿಕ್ಕ ಗಣಕಗಳಲ್ಲಿಯೂ ಬರುವ ಮಾಲಿ ಚಿತ್ರಾಂಗಗಳಿಗೆ ಲಿಮ, ಪ್ಯಾನ್‌ಫ್ರಾಸ್ಟ್ ಎಂಬೆರಡು ಚಾಲಕಗಳು ಇದೇ ಬಗೆಯಿಂದ ಸಿದ್ಧವಾಗಿ ೨೦೧೯ರಲ್ಲಿ ಲಿನಕ್ಸ್ ೫.೨ರೊಡನೆ ಹೊರಟುವು. ಈ ಮಾರ್ಗವು ಸಾಧ್ಯವಾದರೂ ಕಷ್ಟಸಾಧ್ಯ. ೨೦೧೪ರಿಂದ ಈಚೆಗೆ ಎನ್ವಿಡಿಯ ತನ್ನ ಮುದ್ರೆಯುಳ್ಳ ಫರ್ಮ್‌ವೇರನ್ನು ಹೊರತು ಬೇರೆಯದನ್ನು ಚಿತ್ರಾಂಗವು ಸ್ವೀಕರಿಸದಂತೆ ಮಾಡಿತು. ಇದರಿಂದ ನೂವೋ ಚಾಲಕಕ್ಕೆ ಆ ಚಿತ್ರಾಂಗಗಳನ್ನು ಪೂರ್ಣವೇಗದಿಂದ ಓಡಿಸುವುದು ಆಗಲಿಲ್ಲ. ಭಾಷೆ ತಿಳಿದರೂ ಬಾಗಿಲ ಬೀಗ ತೆರೆಯಲಿಲ್ಲವೆಂದು ಹೇಳಬಹುದು.

ಕಾಲಕ್ರಮದಲ್ಲಿ ಕಂಪೆನಿಗಳ ನಡತೆಯೂ ಬದಲಾಯಿತು. ಎ.ಎಂ.ಡಿ. ೨೦೦೭ರಲ್ಲಿ ತನ್ನ ಚಿತ್ರಾಂಗಗಳ ವಿವರಗಳನ್ನು ಪ್ರಕಟಿಸುವುದಾಗಿ ಸಾರಿತು. ಎನ್ವಿಡಿಯ ೨೦೨೨ರ ಮೇ ತಿಂಗಳಲ್ಲಿ ತನ್ನ ಕರ್ನೆಲ್ ಭಾಗದ ಆಕರವನ್ನು ಬಹಿರಂಗಪಡಿಸಿತು. ಪೌಲ್ಸ್‌ಬೊ ಪ್ರಕರಣದ ಇಮ್ಯಾಜಿನೇಷನ್ ಕಂಪೆನಿಯೂ ೨೦೨೨ರಲ್ಲಿ ತನ್ನ ಈಚಿನ ಚಿತ್ರಾಂಗಗಳಿಗೆ ಮುಕ್ತಚಾಲಕವನ್ನು ಮೆಸಾಕ್ಕೆ ಒಪ್ಪಿಸಿತು. ಅದರ ಕರ್ನೆಲ್ ಭಾಗವು ೨೦೨೪ರ ಲಿನಕ್ಸ್ ೬.೮ರಲ್ಲಿ ಸೇರಿತು. ಹಳೆಯ ಪೌಲ್ಸ್‌ಬೊ ಯಂತ್ರಗಳಿಗೆ ಇದರಿಂದ ಪ್ರಯೋಜನವಾಗಲಿಲ್ಲ.

೭. ಚಾಲಕವನ್ನು ಕಟ್ಟುವ ಕ್ರಮ

ಮುಕ್ತಚಾಲಕವನ್ನು ಅಭ್ಯಾಸ ಮಾಡಬೇಕೆಂಬವನು ಮೊದಲು ಗಿಟ್ ಎಂಬ ಉಪಕರಣದಿಂದ ಆಕರವನ್ನು ಇಳಿಸಿಕೊಳ್ಳಬೇಕು. ಯಾವ ಸಾಲನ್ನು ಯಾರು, ಎಂದು, ಏಕೆ ಬರೆದರೆಂಬ ಚರಿತ್ರೆಯೂ ಆಕರದೊಡನೆ ಬರುತ್ತದೆ; ಪಾಠಶೋಧನೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರಿಲ್ಲ. ಬಳಿಕ ಕರ್ನೆಲ್ಲಿನಲ್ಲಿ ತನಗೆ ಬೇಕಾದ ಚಾಲಕವನ್ನು ಆರಿಸಿ ಕಂಪೈಲರಿಗೆ ಒಪ್ಪಿಸಬೇಕು. ಚಾಲಕವನ್ನು ಪ್ರತ್ಯೇಕವಾದ ಮಾಡ್ಯೂಲನ್ನಾಗಿ ಕಟ್ಟಿದರೆ, ಕರ್ನೆಲ್ಲನ್ನು ಮತ್ತೆ ಪೂರ್ತಿಯಾಗಿ ಕಟ್ಟದೆ ಅದೊಂದನ್ನೇ ತೆಗೆದು ಹಾಕಿ ಪರೀಕ್ಷಿಸಬಹುದು. ಮೆಸಾವನ್ನು ಕಟ್ಟಲು ಮೇಸನ್, ನಿಂಜ ಎಂಬ ಉಪಕರಣಗಳು ಬೇಕು. ಹೀಗೆ ಕಟ್ಟಿದ್ದನ್ನು ವ್ಯವಸ್ಥೆಯ ಮೆಸಾದ ಮೇಲೆ ಹಾಕದೆ ಬೇರೊಂದು ಕೋಶದಲ್ಲಿಟ್ಟು, ಪರೀಕ್ಷಿಸುವ ಕಾರ್ಯಕ್ರಮಕ್ಕೆ ಮಾತ್ರ ಅದರ ಜಾಗವನ್ನು ತೋರಿಸುವುದು ವಿವೇಕ; ಇಲ್ಲದಿದ್ದರೆ ಸಣ್ಣ ತಪ್ಪಿನಿಂದ ತೆರೆಯೇ ಬಾರದೆ ಹೋಗಬಹುದು. ಕರ್ನೆಲ್ ಭಾಗದ ಪರೀಕ್ಷೆಯಲ್ಲಿ ತೆರೆ ಕಪ್ಪಾಗುವುದು ಸಾಮಾನ್ಯವಾದುದರಿಂದ ಅಭ್ಯಾಸಿಗಳು ಪಕ್ಕದ ಮತ್ತೊಂದು ಗಣಕದಿಂದ ಜಾಲದ ಮೂಲಕ ಒಳಹೊಕ್ಕು ಕರ್ನೆಲ್ಲಿನ ದಿನಚರಿಯನ್ನು ಓದುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರುತ್ತಾರೆ.

ಹೊಸ ತಿದ್ದುಪಾಟೊಂದರಿಂದ ಹಿಂದೆ ಸರಿಯಾಗಿದ್ದುದು ಕೆಟ್ಟರೆ ಅಪರಾಧಿಯನ್ನು ಹುಡುಕುವ ಬಗೆಯು ಸ್ವಾರಸ್ಯವಾದುದು. ಸರಿಯಾಗಿದ್ದ ಆವೃತ್ತಿಗೂ ಕೆಟ್ಟ ಆವೃತ್ತಿಗೂ ನಡುವೆ ಸಾವಿರ ತಿದ್ದುಪಾಟುಗಳಿವೆಯೆಂದು ಭಾವಿಸಿದರೆ, ನಡುವಣದನ್ನು ಕಟ್ಟಿ ನೋಡಬೇಕು. ಅದು ಸರಿಯಾಗಿದ್ದರೆ ತಪ್ಪು ಮುಂದಣ ಅರ್ಧದಲ್ಲಿದೆ. ಇಲ್ಲದಿದ್ದರೆ ಹಿಂದಣ ಅರ್ಧದಲ್ಲಿ. ಹೀಗೆ ಅರ್ಧಾರ್ಧ ಮಾಡುತ್ತ ಹೋದರೆ ಹತ್ತು ಪರೀಕ್ಷೆಗಳೊಳಗೆ ಒಂದೇ ಒಂದು ತಿದ್ದ್ದುಪಾಟು ಉಳಿಯುತ್ತದೆ. ಇದಕ್ಕೆ ಪ್ರೌಢಪಾಂಡಿತ್ಯ ಬೇಡ, ತಾಳ್ಮೆಯೊಂದು ಸಾಕು. ಚಾಲಕದ ಒಳಮರ್ಮ ತಿಳಿಯದ ವಿದ್ಯಾರ್ಥಿಯೂ ಈ ರೀತಿ ಉಪಕಾರ ಮಾಡಬಲ್ಲನು.

ಸಿದ್ಧವಾದ ತಿದ್ದುಪಾಟನ್ನು, ಅದರ ಕಾರಣವನ್ನು ವಿವರಿಸುವ ಟಿಪ್ಪಣಿಯೊಡನೆ, ಆಯಾ ಚಾಲಕದ ಪಾಲಕರಿಗೆ ಕಳುಹಿಸಬೇಕು. “ಇದನ್ನು ಕೊಡಲು ನನಗೆ ಅಧಿಕಾರವುಂಟು” ಎಂಬರ್ಥದ ಸಹಿಯು ಪ್ರತಿಯೊಂದರ ಕೆಳಗೂ ಇರಬೇಕೆಂಬ ನಿಯಮವು ಕರ್ನೆಲ್ಲಿನಲ್ಲಿ ೨೦೦೪ರಿಂದ ನಡೆದುಬಂದಿದೆ. ಪಾಲಕರು ಬಹಿರಂಗವಾಗಿ ಆಕ್ಷೇಪಗಳನ್ನೆತ್ತುತ್ತಾರೆ. ಬರೆದವನು ಸಮಾಧಾನ ಹೇಳಬೇಕು, ಇಲ್ಲವೆ ತಿದ್ದಿ ಮತ್ತೆ ಕಳುಹಿಸಬೇಕು. ವಾಕ್ಯಾರ್ಥಸಭೆಯ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

೮. ಆಕ್ಷೇಪಗಳೂ ಸಮಾಧಾನಗಳೂ

ಇಲ್ಲಿ ಮೂರು ಪೂರ್ವಪಕ್ಷಗಳುಂಟು. ಮೊದಲನೆಯದು: ಚಾಲಕದಲ್ಲಿ ನಿರ್ಮಾಪಕನ ಶ್ರಮವೂ ರಹಸ್ಯವೂ ಅಡಗಿದೆ, ಅದನ್ನು ಪ್ರಕಟಿಸೆಂದು ಹೇಳುವುದು ಅನ್ಯಾಯವಲ್ಲವೆ? ಯಂತ್ರವನ್ನು ಹೇಗೆ ನಿರ್ಮಿಸಿದರೆಂಬುದು ಬೇರೆ, ಅದರೊಡನೆ ಹೇಗೆ ಮಾತನಾಡಬೇಕೆಂಬುದು ಬೇರೆ. ಮುಕ್ತಚಾಲಕಕ್ಕೆ ಬೇಕಾದುದು ಎರಡನೆಯದು ಮಾತ್ರ. ವಿವರಗಳನ್ನು ಪ್ರಕಟಿಸಿದ ಕಂಪೆನಿಗಳು ಅದರಿಂದ ವ್ಯಾಪಾರವನ್ನು ಕಳೆದುಕೊಳ್ಳಲಿಲ್ಲ.

ಎರಡನೆಯದು: ಆಕರವನ್ನು ಓದಬಲ್ಲವರು ಲಕ್ಷಕ್ಕೊಬ್ಬರು, ಸಾಮಾನ್ಯನಿಗೆ ಅದು ತೆರೆದಿದ್ದರೇನು, ಮುಚ್ಚಿದ್ದರೇನು? ಬಾವಿಯನ್ನು ತೋಡಬಲ್ಲವರು ಊರಿಗೆ ಒಬ್ಬಿಬ್ಬರಾದರೂ ನೀರು ಎಲ್ಲರಿಗೂ ಸಿಕ್ಕುತ್ತದೆ. ಲಕ್ಷದಲ್ಲಿ ಒಬ್ಬನಿಗಾದರೂ ಅವಕಾಶವಿದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ಮೂರನೆಯದು ಬಲವಾದುದು: ಮುಕ್ತಚಾಲಕಗಳೂ ಶಾಶ್ವತವಲ್ಲ, ಅನೇಕ ಚಿತ್ರಾಂಗಗಳ ಫರ್ಮ್‌ವೇರು ಇನ್ನೂ ಗುಪ್ತವಾಗಿಯೇ ಇದೆ. ಇದು ನಿಜ. ಮೆಸಾದಲ್ಲಿಯೂ ೨೦೨೧ರಲ್ಲಿ ಕೆಲವು ಹಳೆಯ ಚಾಲಕಗಳನ್ನು ಮುಖ್ಯಶಾಖೆಯಿಂದ ತೆಗೆದುಹಾಕಿದರು. ಆದರೆ ಅವುಗಳನ್ನು ಅಂಬರ್ ಎಂಬ ಪ್ರತ್ಯೇಕ ಶಾಖೆಯಲ್ಲಿ ಉಳಿಸಿದರು. ಬೇಕಾದವರು ಇಳಿಸಿಕೊಂಡು ಕಟ್ಟಬಹುದು. ಮುಕ್ತತೆಯಿಂದ ಚಾಲಕಕ್ಕೆ ಅಮರತ್ವ ಬರುವುದಿಲ್ಲ. ಜೀರ್ಣೋದ್ಧಾರದ ಅಧಿಕಾರವು ಎಲ್ಲರಿಗೂ ಬರುತ್ತದೆ. ಫರ್ಮ್‌ವೇರಿನ ಕೊರತೆಯು ಮುಂದೆ ತೀರಬೇಕಾದ ಕೊರತೆಯೆಂದು ಒಪ್ಪಿಕೊಳ್ಳುವುದೇ ನ್ಯಾಯ.

೯. ಉಪಸಂಹಾರ

ಇಂಟೆಲ್, ಎ.ಎಂ.ಡಿ., ಎನ್ವಿಡಿಯ, ಕ್ವಾಲ್ಕಾಂ ಮೊದಲಾದ ಚಿತ್ರಾಂಗ ನಿರ್ಮಾಪಕರೆಲ್ಲರ ಶಾಖೆಗಳೂ ಬೆಂಗಳೂರಿನಲ್ಲಿವೆ. ೨೦೦೧ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಮೊದಲಾಗಿ ಬಳಿಕ ಫಾಸ್.ಇನ್ ಎನಿಸಿಕೊಂಡ ಮುಕ್ತ ತಂತ್ರಾಂಶದ ಸಮ್ಮೇಳನವು ಈ ನಗರದಲ್ಲಿ ೨೦೧೨ರವರೆಗೆ ನಡೆಯಿತು. ಪಶ್ಚಿಮದಲ್ಲಿ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯ, ಕೆಂಗೇರಿಯ ಸುತ್ತಣ ಇತರ ಕಾಲೇಜುಗಳು, ಇವುಗಳಲ್ಲಿ ಗಣಕಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಬಹುಮಂದಿ. ಬೆಲೆಬಾಳುವ ಚಿತ್ರಾಂಗವಿಲ್ಲದೆ ಚಾಲಕದ ಅಭ್ಯಾಸ ಹೇಗೆಂದು ಅವರು ಅಧೈರ್ಯಪಡಬೇಕಾದುದಿಲ್ಲ. ನಿಜವಾದ ತೆರೆಯ ಬದಲು ಕಲ್ಪಿತ ತೆರೆಯನ್ನು ನಡೆಸುವ ವಿ.ಕೆ.ಎಂ.ಎಸ್. ಎಂಬ ಚಾಲಕವು ೨೦೧೮ರಿಂದ ಲಿನಕ್ಸಿನಲ್ಲಿಯೇ ಇದೆ. ಹೊಸಬರಿಗೆ ಕಲಿಕೆಯ ಯೋಜನೆಗಳ ಮೂಲಕ ಬಂದವರೇ ಅದನ್ನು ಬರೆದವರು. ಚಿತ್ರಾಂಗವಿಲ್ಲದೆ ಮುಖ್ಯ ಸಂಸ್ಕಾರಕದಿಂದಲೇ ಚಿತ್ರ ಬರೆಯಿಸುವ ಚಾಲಕವೂ ಮೆಸಾದಲ್ಲಿದೆ. ಹೊಸಬರು ಮಾಡಬಹುದಾದ ಕೆಲಸಗಳ ಪಟ್ಟಿಯೊಂದನ್ನು ಕರ್ನೆಲ್ಲಿನ ಚಿತ್ರವಿಭಾಗದವರು ಆಕರದೊಡನೆಯೇ ಇಟ್ಟಿದ್ದಾರೆ.

೨೦೨೫ರ ನವೆಂಬರಿನಲ್ಲಿ ಕರ್ನಾಟಕ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ರಿಸ್ಕ್-ಫೈವ್ ಎಂಬ ಮುಕ್ತ ಆದೇಶಪದ್ಧತಿಯ ಸಂಸ್ಕಾರಕವುಳ್ಳ, ಲಿನಕ್ಸಿನಿಂದ ನಡೆಯುವ ‘ಕಿಯೊ’ ಎಂಬ ಅಗ್ಗದ ಗಣಕವನ್ನು ಪ್ರಕಟಪಡಿಸಿತು. ಸಿಂಪ್ಯೂಟರಿನ ಬಳಿಕ ಈ ನಾಡಿನಲ್ಲಿ ಹೊರಟ ಇಂಥ ಪ್ರಯತ್ನವು ಶ್ಲಾಘ್ಯವಾದುದು. ಮುಖ್ಯ ಸಂಸ್ಕಾರಕದ ಆದೇಶಪದ್ಧತಿಯು ಮುಕ್ತವಾದ ಮಾತ್ರಕ್ಕೆ ಅದರ ಪಕ್ಕದಲ್ಲಿರುವ ಚಿತ್ರಾಂಗವೂ ಮುಕ್ತವೆಂದು ಭಾವಿಸಲಾಗದೆಂಬುದನ್ನು ಮಾತ್ರ ಇಂಥ ಎಲ್ಲ ಯಂತ್ರಗಳ ವಿಷಯದಲ್ಲಿಯೂ ನೆನಪಿಡಬೇಕು. ಚಿತ್ರಾಂಗವು ಬಹುಮಟ್ಟಿಗೆ ಬೇರೊಂದು ಕಂಪೆನಿಯ ಕೃತಿಯಾಗಿರುತ್ತದೆ. ಶಾಲೆಗಳಿಗೂ ಗ್ರಂಥಾಲಯಗಳಿಗೂ ಗಣಕವನ್ನು ಕೊಳ್ಳತಕ್ಕವರು ಬೆಲೆ, ಸ್ಮೃತಿ, ವೇಗಗಳನ್ನು ವಿಚಾರಿಸುವಂತೆಯೇ, ಅದರ ಚಿತ್ರಾಂಗದ ಚಾಲಕವು ಲಿನಕ್ಸಿನ ಮುಖ್ಯ ಆಕರದಲ್ಲಿಯೂ ಮೆಸಾದಲ್ಲಿಯೂ ಇದೆಯೇ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು. ಇದೆಯೆಂದಾದರೆ, ಮಾರಿದವನು ಅಂಗಡಿಯನ್ನು ಮುಚ್ಚಿದ ಮೇಲೆಯೂ ಆ ತೆರೆಯ ಮೇಲೆ ಮಗುವಿಗೆ ಕನ್ನಡದ ಅಕ್ಷರಗಳು ಕಾಣುತ್ತಿರುವುವು. ಕಾಣದಿದ್ದ ದಿನ ಅದನ್ನು ಸರಿಪಡಿಸುವವನು ಕೆಂಗೇರಿಯ ಕಾಲೇಜೊಂದರ ವಿದ್ಯಾರ್ಥಿಯೇ ಆಗಿರಬಹುದು.